ಉಳಿದ ಗೋಡೆ ಎಷ್ಟು?

ಗುತ್ತಿಗಾರು ಪೇಟೆಯಲ್ಲಿ ನಾನು ಜೀಪು ರಿಪೇರಿಗೆ ಕೊಡುವ ಗ್ಯಾರೇಜಿನ ಹಿಂಬದಿಯಲ್ಲಿ, ಸವೆದ ಟಯರುಗಳ ರಾಶಿಯ ಪಕ್ಕ, ಏಳು ವರ್ಷಗಳಿಂದ ಒಂದು ಇಂಜಿನ್ ಬ್ಲಾಕ್ ಬಿದ್ದುಕೊಂಡಿತ್ತು. ಅದು ನನ್ನದು. ಗುಜರಿಯವರು ಎರಡು ಸಲ ತಕ್ಕಡಿ ಹಿಡಿದುಕೊಂಡೇ ಬಂದಿದ್ದರು. ಕೊಡಲು ಮನಸ್ಸಾಗಿರಲಿಲ್ಲ. ಎರಡನೇ ಸಿಲಿಂಡರಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಮೇಲಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಸಪೂರದ ಒಂದು ಬಿರುಕು, ಅದರ ಉದ್ದಕ್ಕೂ ತುಕ್ಕಿನ ಕಂದು ಗೆರೆ. ಆ ಗೆರೆ ನೋಡಿದಾಗಲೆಲ್ಲ ನನಗೆ ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ ನೆನಪಾಗುತ್ತಿತ್ತು.

ಅಪ್ಪನ ಕಾಲದ ಪೆಟ್ರೋಲ್ ಜೀಪು ಅದು. ಹೊಗೆ ಬಿಡಲು ಸುರುವಾಗಿತ್ತು, ವಾರಕ್ಕೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತಿತ್ತು. ಹಿಂದೆ ಒಮ್ಮೆ ನಲುವತ್ತಕ್ಕೆ ಬೋರ್ ಆಗಿತ್ತು. ಘಟ್ಟದ ಕೆಳಗಿನ ಒಂದು ಪೇಟೆಗೆ ಒಯ್ದು ಅರುವತ್ತಕ್ಕೆ ಬೋರ್ ಮಾಡಿಸಿದೆ. ಲೇತಿನವರ ಬಾಯಲ್ಲಿ ಅರುವತ್ತೆಂದರೆ ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಅರುವತ್ತು ಪಾಲು, ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ಹೊಸ ಪಿಸ್ಟನ್, ಹೊಸ ರಿಂಗ್ ಬಿತ್ತು. ಬೋರ್ ಗೇಜ್ ಇಳಿಸಿ ಒಳವ್ಯಾಸವನ್ನು ಮಿಲಿಮೀಟರಿನ ನೂರನೇ ಒಂದು ಪಾಲಿನವರೆಗೆ ಅಳೆದು ತೋರಿಸಿದರು. ಇಂಜಿನ್ ಹೊಸದರಂತೆ ಓಡಿತು. ಸರಿಯಾಗಿ ಒಂದು ತಿಂಗಳು. ಒಂದು ಸಂಜೆ ಕಲ್ಮಕಾರಿನ ಕಡೆಯ ಏರಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ಬರುವಾಗ ಉಷ್ಣದ ಮುಳ್ಳು ಕೆಂಪಿಗೆ ಹೋಯಿತು. ರೇಡಿಯೇಟರಿನಲ್ಲಿ ನೀರಿಲ್ಲ, ಕೆಳಗೆ ಒಂದು ಹನಿ ಸೋರಿದ ಗುರುತೂ ಇಲ್ಲ. ಆಯಿಲ್ ನೋಡುವ ಕಡ್ಡಿ ಎಳೆದರೆ ಅದರ ತುದಿಯಲ್ಲಿ ಹಾಲು ಹಾಕಿದ ಚಹಾದ ಬಣ್ಣ. ನೀರು ಸಿಲಿಂಡರಿನ ಗೋಡೆ ಸೀಳಿಕೊಂಡು ಆಯಿಲಿಗೆ ಇಳಿದಿತ್ತು.

ಬೋರ್ ಮಾಡಿದವರದ್ದು ಕೆಟ್ಟ ಕೆಲಸವೆಂದು ನಾನು ಹೇಳಲಾರೆ. ತೂತು ಗುಂಡಗೆ ಇತ್ತು, ನೇರವಿತ್ತು, ಅಳತೆಯಲ್ಲಿತ್ತು. ಕೊರೆದ ಮೇಲೆ ಆಚೆ ಬದಿಯಲ್ಲಿ ಎಷ್ಟು ಕಬ್ಬಿಣ ಉಳಿದಿದೆ ಎಂದು ಮಾತ್ರ ಯಾರೂ ಅಳೆಯಲಿಲ್ಲ. ಅಳೆಯಿರಿ ಎಂದು ನಾನೂ ಹೇಳಲಿಲ್ಲ. ಹಾಗೆ ಅಳೆಯಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವವರಿಗೆ ಗುತ್ತಿಗಾರು ದಾರಿಯಲ್ಲಿ ಸಿಗುವ ಒಂದು ಪೇಟೆ, ಅಷ್ಟೆ. ಇಲ್ಲಿಂದ ಒಳಕ್ಕೆ ಕಮಿಲ, ಮೊಗ್ರ, ವಳಲಂಬೆಗಳ ಕಡೆಗೆ, ಮೇಲಕ್ಕೆ ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರುಗಳ ಕಡೆಗೆ ಹೋದವರಿಗೆ ಜೀಪು ಅಂದರೆ ಏನೆಂದು ಗೊತ್ತು. ಅಡಿಕೆ, ರಬ್ಬರ್ ಶೀಟು, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆ ನೋವು ಬಂದ ಹೆಂಗಸು, ಎಲ್ಲವನ್ನೂ ಹೊಳೆ ದಾಟಿಸಿ ಗುಡ್ಡ ಹತ್ತಿಸಿದ್ದು ಜೀಪು. ಮಹೀಂದ್ರಾದವರು 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದರು. ನಮ್ಮದು ಆ ವಂಶದ ಸಿಜೆ-3ಬಿ. ಅದರ ಬಾನೆಟ್ ಎತ್ತರಕ್ಕಿರುವುದಕ್ಕೆ ಕಾರಣ ಒಳಗಿರುವ ಹರಿಕೇನ್ ಇಂಜಿನ್. ಗಾಳಿ ಎಳೆದುಕೊಳ್ಳುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಬ್ಲಾಕಿನಲ್ಲಿ. ಹೆಡ್ ಎತ್ತರವಾದ್ದರಿಂದ ಮೇಲಿನ ತಗಡೂ ಏರಿತು. ನಾಲ್ಕು ಸಿಲಿಂಡರ್, ಒಳವ್ಯಾಸ ಮೂರೂಕಾಲಿಗೆ ಒಂದು ನೂಲು ಕಡಿಮೆ, ಅಂದರೆ 79.4 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದ 111.1 ಮಿಲಿಮೀಟರ್, ಒಟ್ಟು 2,199 ಸಿಸಿ. ನೂಲು ಎಂದರೆ ನಮ್ಮ ಮರದ ಕೆಲಸದವರ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಪಾಲು. ಈ ನೂಲು ಮುಂದೆ ಇನ್ನೊಮ್ಮೆ ಬರುತ್ತದೆ.

ಈಚಿನ ಡೀಸೆಲ್ ಜೀಪುಗಳಲ್ಲಿ ಬ್ಲಾಕಿನೊಳಗೆ ಬೇರೆಯೇ ಲೈನರ್ ಇರುತ್ತದೆ. ಸವೆದರೆ ಅದನ್ನು ಕಿತ್ತು ಹೊಸದು ಹಾಕಿದರಾಯಿತು. ಈ ಪೆಟ್ರೋಲ್ ಇಂಜಿನ್ನಿನಲ್ಲಿ ಲೈನರ್ ಇಲ್ಲ. ಬ್ಲಾಕ್ ಎರಕ ಹೊಯ್ದಾಗ ಬಂದ ಗೋಡೆಯೇ ಸಿಲಿಂಡರ್. ಪ್ರತಿ ಬೋರಿಗೂ ಆ ಗೋಡೆಯನ್ನೇ ಕೆರೆಯಬೇಕು, ಕೆರೆದದ್ದು ತಿರುಗಿ ಬರುವುದಿಲ್ಲ. ಹೊಸ ಬ್ಲಾಕ್ ತರೋಣವೆಂದರೆ ಯಾರೂ ಮಾಡುತ್ತಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಹಳೇ ಯೆಜ್ದಿ ಸಾಕಿದವರಿಗೆ ಬ್ಯಾರೆಲಿನ ವಿಷಯದಲ್ಲಿ ಆದ ಅವಸ್ಥೆಯೂ ಇದೇ. ಎಷ್ಟು ಕಬ್ಬಿಣ ಉಳಿದಿದೆಯೋ ಅಷ್ಟೇ ಆ ಗಾಡಿಯ ಆಯುಸ್ಸು.

ಈಗ ನಮ್ಮ ಕಡೆ ರಸ್ತೆಗಳಿಗೆ ಕಾಂಕ್ರೀಟು ಬಿದ್ದಿದೆ. ಜೀಪಿಗೆ ದುಡಿತ ಕಡಿಮೆಯಾಗಿ ಆಟ ಜಾಸ್ತಿಯಾಗಿದೆ. ಮಳೆ ಹಿಡಿದ ಮೇಲೆ ಆದಿತ್ಯವಾರಗಳಲ್ಲಿ ಗುಡ್ಡದ ಬದಿಯಲ್ಲಿ ಕೆಸರು ಹಾರಿಸಿಕೊಂಡು ಏರುವ ಹುಡುಗರ ಗುಂಪು ಪ್ರತಿ ಊರಿನಲ್ಲೂ ಉಂಟು. ನೆರೆಯ ಕಾಸರಗೋಡಿನ ಮೂಸಾ ಷರೀಫ್ ರ್‍ಯಾಲಿಯಲ್ಲಿ ಗೌರವ್ ಗಿಲ್ ಅವರ ಪಕ್ಕದ ಸೀಟಿನಲ್ಲಿ ಕೂತು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದದ್ದು, ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂದದ್ದು ಈ ಹುಡುಗರಿಗೆ ಬಾಯಿಪಾಠ. ನನ್ನ ಅಳಿಯ ಆ ಗುಂಪಿನವನು. ಕಳೆದ ಬೇಸಗೆಯಲ್ಲಿ ಅವನು ಎಲ್ಲಿಂದಲೋ ಅದೇ ಹರಿಕೇನ್ ಇಂಜಿನ್ನಿನ ಇನ್ನೊಂದು ಬ್ಲಾಕ್ ಹುಡುಕಿ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದ. ಒಮ್ಮೆಯೂ ಬೋರ್ ಆಗದ್ದು, ಸ್ಟಾಂಡರ್ಡ್ ಸೈಜಿನದ್ದು.

‘ಮಾವ, ಇದನ್ನು ಸೀದಾ ಅರುವತ್ತಕ್ಕೆ ಹೊಡಿಸುವ. ಸಿಸಿ ಜಾಸ್ತಿ ಆಗ್ತದೆ. ಮತ್ತೆ ನೋಡಿ ಏರಿನಲ್ಲಿ.’

ಲೆಕ್ಕ ಹಾಕಿದೆ. ಅರುವತ್ತಕ್ಕೆ ಬೋರ್ ಮಾಡಿದರೆ 2,199 ಸಿಸಿ ಹೋಗಿ ಸುಮಾರು 2,284 ಆಗುತ್ತದೆ. ಹೆಚ್ಚುವುದು 85 ಸಿಸಿ, ನೂರಕ್ಕೆ ನಾಲ್ಕೂ ಇಲ್ಲ. ಅದಕ್ಕೆ ಕೊಡುವುದು ಸುತ್ತಲಿನ ಗೋಡೆಯಿಂದ ಮುಕ್ಕಾಲು ಮಿಲಿಮೀಟರ್. ಗೋಡೆ ದಪ್ಪವಿದ್ದರೆ ಮುಕ್ಕಾಲು ಹೋದರೂ ಚಿಂತೆಯಿಲ್ಲ. ಆದರೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಜೊತೆ ಸಮಸಮ ಇಳಿಯುವುದಿಲ್ಲ. ಘನದ ಲೆಕ್ಕದಲ್ಲಿ ಇಳಿಯುತ್ತದೆ. ನಾಲ್ಕು ಮಿಲಿಮೀಟರಿನ ತಗಡು ಮೂರಕ್ಕೆ ಇಳಿದರೆ ಅದರ ಬಿಗಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಗೋಡೆ ಒಡೆಯದಿದ್ದರೂ ಪಿಸ್ಟನ್ನಿನ ಹೊಡೆತಕ್ಕೆ ಉಬ್ಬಿ ಇಳಿಯುತ್ತದೆ, ಗುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಹೋಗುತ್ತದೆ, ರಿಂಗು ಹಿಡಿತ ಬಿಡುತ್ತದೆ. ಜಾಸ್ತಿ ಸಿಸಿಯಿಂದ ಬರಬೇಕಾದ ಬಲ ರಿಂಗಿನ ಸಂದಿಯಲ್ಲೇ ಸೋರಿಹೋಗುತ್ತದೆ. ಹೊರಗೆ ನಿಂತು ನೋಡುವವನಿಗೆ ಇದು ಯಾವುದೂ ಕಾಣುವುದಿಲ್ಲ.

ಪಿಸ್ಟನ್ ಎಲ್ಲ ಬದಿಗೂ ಒಂದೇ ಸಮ ಒತ್ತುವುದೂ ಇಲ್ಲ. ಹ್ಯಾಂಡಲ್ ಹಾಕಿ ಜೀಪು ಸ್ಟಾರ್ಟ್ ಮಾಡಿದವರಿಗೆ ಗೊತ್ತು, ಮುಂದೆ ನಿಂತವನಿಗೆ ಕ್ರ್ಯಾಂಕು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಗೆ ತಳ್ಳುವ ಹೊತ್ತಿಗೆ ಕನೆಕ್ಟಿಂಗ್ ರಾಡು ಬಲಕ್ಕೆ ವಾಲಿರುತ್ತದೆ. ಆ ವಾಲಿದ ರಾಡು ಪಿಸ್ಟನ್ನನ್ನು ಎಡಗಡೆಯ ಗೋಡೆಗೆ ಒತ್ತುತ್ತದೆ. ದೊಡ್ಡ ಪೆಟ್ಟು ಯಾವಾಗಲೂ ಆ ಎಡಗೋಡೆಗೆ. ಬಲಗಡೆಗೆ ಬೀಳುವುದು ಸಣ್ಣ ಪೆಟ್ಟು, ಮುಂದೆ ಹಿಂದೆ ಹೆಚ್ಚಿನದ್ದೇನಿಲ್ಲ. ರೇಸಿನ ಇಂಜಿನ್ ಕಟ್ಟುವವರು ಪೆಟ್ಟು ಬೀಳುವ ಬದಿಯಲ್ಲಿ ಸುಮಾರು ಐದು ಮಿಲಿಮೀಟರ್, ಉಳಿದ ಕಡೆ ಮೂರಕ್ಕೆ ಕಡಿಮೆಯಿಲ್ಲದಂತೆ ನೋಡಿಕೊಳ್ಳುವುದು ಇದಕ್ಕೇ. ಆದ್ದರಿಂದ ಗೋಡೆ ಎಷ್ಟು ದಪ್ಪ ಎಂದು ಕೇಳಿದರೆ ಸಾಲದು. ಯಾವ ಬದಿಯಲ್ಲಿ ಎಷ್ಟು ದಪ್ಪ ಎಂದು ಕೇಳಬೇಕು.

ಒಂದೇ ಬ್ಲಾಕಿನಲ್ಲಿ ಒಂದು ಬದಿ ದಪ್ಪ ಇನ್ನೊಂದು ಬದಿ ತೆಳು ಆಗುವುದು ಹೇಗೆ? ಇದನ್ನು ತಿಳಿಯಲು ಎರಕದ ಮನೆಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ ಎರಕದ ಕೆಲಸಕ್ಕೆ ಹೆಸರಾದ ಊರು ಬೆಳಗಾವಿ. ಅಲ್ಲಿನ ಉದ್ಯಮಬಾಗ್ ಕಡೆ ಬೀಡುಕಬ್ಬಿಣ ಹೊಯ್ಯುವ ಫೌಂಡ್ರಿಗಳು ಸಾಲಾಗಿವೆ. ಬ್ಲಾಕಿನೊಳಗೆ ನೀರು ಓಡುವ ಟೊಳ್ಳು ಬರಬೇಕಾದ ಕಡೆ ಮರಳಿನಿಂದ ಮಾಡಿದ ಅಚ್ಚು ಇಡುತ್ತಾರೆ. ಅದನ್ನು ಕೋರ್ ಎನ್ನುತ್ತಾರೆ. ಅದರ ಸುತ್ತ 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ನೀರಿಗಿಂತ ಸುಮಾರು ಏಳು ಪಟ್ಟು ಭಾರ, ಮರಳಿನ ಕೋರ್ ಎರಡು ಪಟ್ಟೂ ಇಲ್ಲ. ನೀರಿನಲ್ಲಿ ಅದುಮಿ ಹಿಡಿದ ತೆಂಗಿನಕಾಯಿಯಂತೆ ಕೋರ್ ಮೇಲೇಳಲು ಹೆಣಗುತ್ತದೆ. ಹಿಡಿದಿಟ್ಟದ್ದು ಒಂದು ಚೂರು ಸಡಿಲವಾದರೂ ಅದು ಸರಿಯುತ್ತದೆ. ಕೋರ್ ಒಂದು ಮಿಲಿಮೀಟರ್ ಸರಿದರೆ ಗೋಡೆ ಒಂದು ಬದಿ ಒಂದು ಮಿಲಿಮೀಟರ್ ಹೆಚ್ಚು, ಎದುರು ಬದಿ ಅಷ್ಟೇ ಕಡಿಮೆ. ಕಂಪನಿಯಲ್ಲಿ ಒಳಗಿನ ತೂತು ಮಾತ್ರ ಯಂತ್ರದಲ್ಲಿ ಸರಿಯಾದ ಜಾಗಕ್ಕೇ ಬೀಳುತ್ತದೆ. ಅದನ್ನು ನೋಡಿ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೇವೆ. ಒಂದೇ ದಿನ ಒಂದೇ ಕುಲುಮೆಯಿಂದ ಬಂದ ಎರಡು ಬ್ಲಾಕುಗಳಲ್ಲಿ ಒಂದು ಗಟ್ಟಿ ಇನ್ನೊಂದು ಸೊರಗು ಆಗುವುದು ಹೀಗೆ.

ಹಳೇ ಕಬ್ಬಿಣವೆಂದು ಹಗುರವಾಗಿ ಮಾತಾಡುವವರಿಗೆ ನಾನು ಒಂದು ಕಥೆ ಹೇಳುತ್ತೇನೆ. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ವಿಶ್ವಚಾಂಪಿಯನ್ ಆದದ್ದು ಬ್ರಾಬಮ್ ಕಾರಿನಲ್ಲಿ. ಅದರೊಳಗಿದ್ದ ಬಿಎಂಡಬ್ಲ್ಯು ಟರ್ಬೊ ಇಂಜಿನ್ನಿನ ಬ್ಲಾಕ್ ಮನೆಬಳಕೆಯ ಕಾರುಗಳಿಗೆ ಹಾಕುತ್ತಿದ್ದ ಬೀಡುಕಬ್ಬಿಣದ ಬ್ಲಾಕೇ. ಆ ಇಂಜಿನ್ ರೂಪಿಸಿದ ಪಾಲ್ ರೋಶೆ ರಸ್ತೆಯಲ್ಲಿ ಸಾಕಷ್ಟು ಓಡಿದ ಹಳೇ ಬ್ಲಾಕುಗಳನ್ನು ಆರಿಸಿಕೊಳ್ಳುತ್ತಿದ್ದರು. ಕಾದು ತಣಿದು ಕಾದು ತಣಿದು ಒಳಗಿನ ಬಿಗುವೆಲ್ಲ ಬಿಟ್ಟುಹೋದ ಕಬ್ಬಿಣ ಮತ್ತೆ ಸೊಟ್ಟಗಾಗುವುದಿಲ್ಲ. ಅದರ ಒಳವ್ಯಾಸ 89.2 ಮಿಲಿಮೀಟರ್. ನಮ್ಮೂರಿನ ಮಹೀಂದ್ರಾ ಡಿಐ ಡೀಸೆಲ್ ಜೀಪಿನದ್ದು 88.9. ವ್ಯತ್ಯಾಸ 0.3 ಮಿಲಿಮೀಟರ್ ಮಾತ್ರ. ಅಡಿಕೆ ಹೊರುವ ಜೀಪಿನಷ್ಟೇ ಅಗಲದ ತೂತಿನಿಂದ ಅವರು ಒಂದೂವರೆ ಲೀಟರಿನಲ್ಲಿ 600ಕ್ಕೂ ಹೆಚ್ಚು ಅಶ್ವಶಕ್ತಿ ತೆಗೆದರು. ಈ ಮಾತು ಹೇಳಿದ ದಿನ ಗ್ಯಾರೇಜಿನಲ್ಲಿದ್ದ ಹುಡುಗರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಕೇಳಿದರು. ಬಲ ತೂತಿನ ಅಗಲದಿಂದ ಬರುವುದಲ್ಲ, ಅದರ ಸುತ್ತ ನಿಂತ ಕಬ್ಬಿಣ ಎಷ್ಟು ತಡೆದುಕೊಳ್ಳುತ್ತದೆ ಎಂಬುದರಿಂದ ಬರುವುದು ಎಂದು ಅವರಿಗೆ ಮನವರಿಕೆ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಳೆಯುವುದು ಹೇಗೆ? ನಮ್ಮ ಲೇತಿನ ಆಚಾರ್ರ ಹತ್ತಿರ ಒಂದು ಹಳೇ ಉಪಾಯ ಇತ್ತು. ಬ್ಲಾಕಿನ ಬದಿಯ ಕೋರ್ ಪ್ಲಗ್ ಎಂಬ ತಗಡಿನ ಮುಚ್ಚಳ ಕಿತ್ತರೆ ನೀರಿನ ದಾರಿ ತೆರೆದುಕೊಳ್ಳುತ್ತದೆ. ಅದರೊಳಗೆ ಪಕ್ಕಪಕ್ಕದ ಎರಡು ಸಿಲಿಂಡರುಗಳ ಸಂದಿಗೆ ಬೇರೆ ಬೇರೆ ದಪ್ಪದ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸುತ್ತ ಹೋಗುವುದು. ಯಾವುದು ಬಿಗಿಯಾಗಿ ಕೂರುತ್ತದೋ ಅದು ಸಂದಿಯ ಅಳತೆ. ಎರಡು ಸಿಲಿಂಡರುಗಳ ನಡುವಿನಿಂದ ನಡುವಿಗೆ 95 ಮಿಲಿಮೀಟರ್, ಒಳವ್ಯಾಸ 80, ಸಂದಿ 6 ಎಂದಿಟ್ಟುಕೊಳ್ಳಿ. ಉಳಿದದ್ದು 9, ಎರಡು ಗೋಡೆಗೆ ಹಂಚಿದರೆ ನಾಲ್ಕೂವರೆ. ಚಂದದ ಲೆಕ್ಕ. ಆದರೆ ಆ ಒಂಬತ್ತರಲ್ಲಿ ಒಂದು ಗೋಡೆ ಆರು, ಇನ್ನೊಂದು ಮೂರು ಇದ್ದರೂ ಬಿಟ್ಟಿಗೆ ಗೊತ್ತಾಗುವುದಿಲ್ಲ. ದೊಡ್ಡ ಪೆಟ್ಟು ಬೀಳುವ ಎಡಗೋಡೆಯ ಸುದ್ದಿಯನ್ನಂತೂ ಅದು ಹೇಳುವುದೇ ಇಲ್ಲ.

ಇನ್ನೊಂದು ಕ್ರಮ ಬಡಿದು ನೋಡುವುದು. ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ ಕೊಯ್ಯುವ ಊರು ನಮ್ಮದು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಒಡೆಯದ ಬ್ಲಾಕ್ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ. ಬಿರುಕಿಗೆ ಸರಿ, ದಪ್ಪಕ್ಕೆ ಆಗದು.

ದಪ್ಪಕ್ಕೂ ತಟ್ಟುವುದೇ ದಾರಿ, ಆದರೆ ಕಿವಿಗೆ ಕೇಳದ ಸದ್ದಿನಿಂದ. ಪಕ್ಕದ ಮನೆಯ ಹುಡುಗನೊಬ್ಬ ಗಲ್ಫಿನಲ್ಲಿ ತೈಲದ ಕೊಳವೆಗಳ ಪರೀಕ್ಷೆಯ ಕೆಲಸದಲ್ಲಿದ್ದು ಊರಿಗೆ ಬಂದಿದ್ದ. ಮಂಗಳೂರಿನ ಎಂಆರ್‌ಪಿಎಲ್‌ನಂಥ ತೈಲ ಶುದ್ಧೀಕರಣ ಸ್ಥಾವರಗಳಲ್ಲಿ ಕೊಳವೆ ಒಳಗಿನಿಂದ ಎಷ್ಟು ಸವೆದಿದೆಯೆಂದು ಹೊರಗಿನಿಂದಲೇ ನೋಡುವುದು ದಿನನಿತ್ಯದ ಕೆಲಸ. ಅವನ ಹತ್ತಿರ ಸ್ವಂತದ್ದೊಂದು ಅಲ್ಟ್ರಾಸಾನಿಕ್ ಗೇಜ್ ಇತ್ತು. ಮೊಬೈಲಿಗಿಂತ ಸ್ವಲ್ಪ ದಪ್ಪದ ಡಬ್ಬಿ, ಅದರಿಂದ ಹೊರಟ ವಯರಿನ ತುದಿಯಲ್ಲಿ ಕಿರುಬೆರಳಿನ ತುದಿಯಷ್ಟು ಅಗಲದ ಪ್ರೋಬ್. ಪ್ರೋಬ್ ಗೋಡೆಗೆ ತಾಗಿದಾಗ ಸದ್ದಿನ ಒಂದು ಚಿಟಿಕೆಯನ್ನು ಒಳಗೆ ಕಳಿಸುತ್ತದೆ. ಸದ್ದು ಕಬ್ಬಿಣದಲ್ಲಿ ಓಡಿ ಆಚೆ ಬದಿಗೆ ಬಡಿದು ಹಿಂದೆ ಬರುತ್ತದೆ. ಹೋಗಿ ಬರಲು ಹಿಡಿದ ಹೊತ್ತನ್ನು ಸದ್ದಿನ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದಪ್ಪ. ಐದು ಮಿಲಿಮೀಟರಿನ ಬೀಡುಕಬ್ಬಿಣದಲ್ಲಿ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು ಎರಡು ಪಾಲು ಹೊತ್ತು ಸಾಕು. ಆಸ್ಪತ್ರೆಯಲ್ಲಿ ಹೊಟ್ಟೆಯ ಮಗುವನ್ನು ತೋರಿಸುವ ಸ್ಕ್ಯಾನಿಂಗಿನದ್ದೂ ಇದೇ ತತ್ವ. ನಡುವೆ ಗಾಳಿ ನುಸುಳಿದರೆ ಸದ್ದು ದಾಟುವುದಿಲ್ಲವಾದ್ದರಿಂದ ಅಲ್ಲಿಯೂ ಜೆಲ್ ಹಚ್ಚುತ್ತಾರೆ, ಇಲ್ಲಿಯೂ ಹಚ್ಚಬೇಕು.

ಲೋಹದೊಳಗಿನ ದೋಷವನ್ನು ಇಂಥ ಸದ್ದಿನಿಂದ ಹುಡುಕಬಹುದೆಂದು ರಷ್ಯದ ಸೆರ್ಗೆಯ್ ಸೊಕೊಲೊವ್ 1928ರಲ್ಲಿ ಸೂಚಿಸಿದರು. ಸದ್ದು ಕಳಿಸಿ ಅದರ ಮರುದನಿ ಹಿಡಿಯುವ ಉಪಕರಣಕ್ಕೆ ಅಮೆರಿಕದ ಫ್ಲಾಯ್ಡ್ ಫೈರ್‌ಸ್ಟೋನ್ 1940ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಈ ಎರಡು ವರ್ಷಗಳ ನಡುವೆ ನಮ್ಮ ಬೆಂಗಳೂರು ಬರುತ್ತದೆ. ಕಿವಿಗೆ ಕೇಳದ ಸದ್ದಿನ ಅಲೆಗಳಿಂದ ಬೆಳಕು ಹೇಗೆ ಚದುರುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935–36ರಲ್ಲಿ ಲೆಕ್ಕಸಹಿತ ವಿವರಿಸಿದರು. ಇವತ್ತಿಗೂ ಅದು ಅವರಿಬ್ಬರ ಹೆಸರಿನಲ್ಲೇ ಇದೆ. ಗ್ಯಾರೇಜಿನ ಗೇಜಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಕೇಳದ ಸದ್ದಿನ ಮಾತು ಬಂದಾಗ ಆ ಹೆಸರುಗಳನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಅಳಿಯ ತಂದ ಬ್ಲಾಕನ್ನು ಡೀಸೆಲಿನಲ್ಲಿ ತೊಳೆದು, ಸಿಲಿಂಡರಿನ ಒಳಗೋಡೆ ಒರಸಿ, ಜೆಲ್ ಹಚ್ಚಿ ಹುಡುಗ ಪ್ರೋಬ್ ಇಟ್ಟ. ಪರದೆಯಲ್ಲಿ ಅಂಕಿ ಮೂಡಿತು: 5.2. ಇನ್ನೊಂದು ಕಡೆ 6.8. ಮತ್ತೊಂದು ಕಡೆ 7.6. ಅತಿ ಕಡಿಮೆ ಸಿಕ್ಕಿದ್ದು 4.4. ಅಳಿಯನ ಮುಖ ಅರಳಿತು.

‘ಧಾರಾಳ ಉಂಟು ಮಾವ. ಅರುವತ್ತು ಹೋದ್ರೂ ಎಂತ ಆಗುದಿಲ್ಲ.’

ಗೇಜ್ ಹಿಡಿದ ಹುಡುಗ ಮಾತ್ರ ಅಂಕಿ ಬರೆಯಲು ಒಪ್ಪಲಿಲ್ಲ.

‘ಸ್ವಲ್ಪ ನಿಲ್ಲಿ ಮಾಮ. ಇದು ಸ್ಟೀಲಿನ ಲೆಕ್ಕ. ನನ್ನ ಕೆಲಸ ಎಲ್ಲ ಸ್ಟೀಲ್ ಪೈಪಿನಲ್ಲಿ, ಗೇಜ್ ಹಾಗೆಯೇ ಸೆಟ್ ಆಗಿ ಉಂಟು. ಕಾಸ್ಟ್ ಐರನ್ನಿನಲ್ಲಿ ಸದ್ದು ಇಷ್ಟು ಜೋರಾಗಿ ಓಡುದಿಲ್ಲ. ಇದೇ ನಮೂನೆಯ ಕಬ್ಬಿಣದ್ದು ಒಂದು ತುಂಡು ಸಿಕ್ಕಿದ್ರೆ ಸರಿ ಮಾಡ್ಬಹುದು.’

ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ 5,920 ಮೀಟರ್ ಓಡುತ್ತದೆ. ಬೀಡುಕಬ್ಬಿಣದಲ್ಲಿ ಸೀಸದ ಕಡ್ಡಿಯೊಳಗೆ ಇರುವಂಥ ಗ್ರಾಫೈಟ್ ಚಕ್ಕೆಚಕ್ಕೆಯಾಗಿ ಹರಡಿಕೊಂಡಿರುತ್ತದೆ. ಸದ್ದು ಆ ಚಕ್ಕೆಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು, ತಡವಾಗುತ್ತದೆ. ಎಷ್ಟು ತಡ ಎಂಬುದು ಆ ಎರಕದ ಗುಣಕ್ಕೆ ಬಿಟ್ಟದ್ದು; ಪುಸ್ತಕದ ಒಂದು ಅಂಕಿ ಎಲ್ಲ ಬ್ಲಾಕಿಗೂ ಹೊಂದುವುದಿಲ್ಲ. ಸದ್ದು ತಡವಾಗಿ ಬಂದರೆ ಉಕ್ಕಿನ ಲೆಕ್ಕದ ಗೇಜ್ ಗೋಡೆ ದಪ್ಪವಿದೆ ಎಂದು ತಿಳಿಯುತ್ತದೆ. ತಪ್ಪು ಬರುವುದು ಅಪಾಯದ ಬದಿಗೇ.

ಆಗ ಎಲ್ಲರಿಗೂ ಒಟ್ಟಿಗೆ ನೆನಪಾದದ್ದು ಟಯರಿನ ಪಕ್ಕದ ಬ್ಲಾಕ್.

ಏಳು ವರ್ಷ ಬಿದ್ದಿದ್ದ ಅದನ್ನು ಎಳೆದು ಹೊರಗೆ ಹಾಕಿದೆವು. ಬಿರುಕಿನಿಂದ ದೂರದ ಒಂದು ಗಟ್ಟಿ ಜಾಗದಿಂದ ಕಟಿಂಗ್ ಮೆಷಿನ್ನಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ತುಂಡು ತೆಗೆದು ಆಚಾರ್ರ ಲೇತಿಗೆ ಒಯ್ದೆವು. ಅವರು ಎರಡೂ ಮುಖ ಸಮ ಮಾಡಿ ಮೈಕ್ರೋಮೀಟರ್ ಹಿಡಿದರು: 6.02 ಮಿಲಿಮೀಟರ್. ಅದೇ ತುಂಡಿನ ಮೇಲೆ ಗೇಜ್ ಇಟ್ಟಾಗ ತೋರಿಸಿದ್ದು 7.8. ಹುಡುಗ ಗುಂಡಿ ಒತ್ತುತ್ತ ವೇಗ ಇಳಿಸಿದ. 4,570ಕ್ಕೆ ಬಂದಾಗ ಪರದೆಯ ಅಂಕಿಯೂ ಮೈಕ್ರೋಮೀಟರಿನ ಅಂಕಿಯೂ ಒಂದಾದವು. ಬೇರೆ ಬ್ಲಾಕಿನ ಕಬ್ಬಿಣವಲ್ಲವೇ ಎಂಬ ಅನುಮಾನ ಉಳಿಯಬಾರದೆಂದು, ಹೊಸ ಬ್ಲಾಕಿನಲ್ಲಿ ಎರಡೂ ಬದಿಗೆ ವರ್ನಿಯರ್ ತಲುಪುವ ಅಂಚೊಂದನ್ನು ಹುಡುಕಿ ಅಲ್ಲಿಯೂ ತಾಳೆ ನೋಡಿದೆವು. ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚಿನ ವ್ಯತ್ಯಾಸ ಬರಲಿಲ್ಲ. ನನ್ನ ಒಡೆದ ಬ್ಲಾಕ್ ಕೊನೆಗೂ ಒಂದು ಕೆಲಸಕ್ಕೆ ಬಂತು.

ಮತ್ತೆ ಮೊದಲಿನಿಂದ ಅಳೆದೆವು. ಪ್ರತಿ ಸಿಲಿಂಡರಿಗೆ ಮೇಲೆ, ನಡು, ಕೆಳಗೆ ಎಂದು ಮೂರು ಎತ್ತರ. ಪ್ರತಿ ಎತ್ತರದಲ್ಲಿ ಮುಂದೆ, ಹಿಂದೆ, ಎಡ, ಬಲ. ಹನ್ನೆರಡು ಗುರುತು, ನಾಲ್ಕು ಸಿಲಿಂಡರಿಗೆ ನಲುವತ್ತೆಂಟು. ಒಳಗೋಡೆ ಬಾಗಿರುವುದರಿಂದ ಚಪ್ಪಟೆ ಪ್ರೋಬ್ ಪೂರ್ತಿ ಕೂರುವುದಿಲ್ಲ. ಜೆಲ್ ಜಾಸ್ತಿ ಹಚ್ಚಿ, ತೊಟ್ಟಿಲು ತೂಗಿದಂತೆ ಮೆಲ್ಲ ಅತ್ತಿತ್ತ ಅಲ್ಲಾಡಿಸಿ, ಅಲುಗದೆ ನಿಲ್ಲುವ ಅತಿ ಕಡಿಮೆ ಅಂಕಿಯನ್ನೇ ಹಿಡಿಯಬೇಕು. ಆಚೆ ಬದಿಯಲ್ಲಿ ತುಕ್ಕಿನ ಗುಳಿ ಬಿದ್ದ ಕಡೆ ಅಂಕಿ ಕುಣಿಯುತ್ತದೆ, ಅಲ್ಲಿ ಎರಡು ಮೂರು ಸಲ ನೋಡಬೇಕು. ಒಂದು ಗುರುತಿಗೆ ಒಂದು ನಿಮಿಷವೂ ಬೇಡ ಎಂದುಕೊಂಡಿದ್ದ ನಮಗೆ ಮಧ್ಯಾಹ್ನದ ಊಟ ತಪ್ಪಿತು.

ಬರೆದುಕೊಳ್ಳಲು ನನ್ನ ಮಳೆ ಡೈರಿ ಇತ್ತು. ಸುಳ್ಯ ಸೀಮೆಯ ಕೃಷಿಕರಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುವ ಅಭ್ಯಾಸ ಹಲವರಿಗುಂಟು, ನನಗೂ ಉಂಟು. ಮಾರ್ಚ್ ತಿಂಗಳ ಪುಟಗಳು ಖಾಲಿ ಇದ್ದವು. ಮಳೆಯ ಮಿಲಿಮೀಟರು ಬರೆಯಬೇಕಾದ ಮನೆಗಳಲ್ಲಿ ಕಬ್ಬಿಣದ ಮಿಲಿಮೀಟರು ತುಂಬುತ್ತ ಹೋಯಿತು.

ಬೆಳಿಗ್ಗೆ 5.2 ಎಂದು ಕಂಡದ್ದು 4.0 ಆಗಿತ್ತು. ಒಂದು, ಎರಡು, ನಾಲ್ಕನೇ ಸಿಲಿಂಡರುಗಳ ಗೋಡೆಗಳು ನಾಲ್ಕಕ್ಕೂ ಐದೂವರೆಗೂ ನಡುವೆ ಇದ್ದವು. ಮೂರನೆಯದರಲ್ಲಿ ಬಲಗೋಡೆಯ ನಡುಭಾಗ 5.9, ಅದಕ್ಕೆ ನೇರ ಎದುರು ಎಡಗೋಡೆ 3.4. ಯಾವತ್ತೋ ಯಾವುದೋ ಫೌಂಡ್ರಿಯಲ್ಲಿ ಕಬ್ಬಿಣ ಹೊಯ್ದ ಆ ಗಳಿಗೆಯಲ್ಲಿ ಮರಳಿನ ಕೋರ್ ಒಂದೂಕಾಲು ಮಿಲಿಮೀಟರ್ ಸರಿದಿತ್ತು. ಸರಿದದ್ದೂ ದೊಡ್ಡ ಪೆಟ್ಟು ಬೀಳುವ ಬದಿಯನ್ನೇ ತೆಳು ಮಾಡಿತ್ತು.

ಅರುವತ್ತಕ್ಕೆ ಹೋದರೆ ಅಲ್ಲಿ ಉಳಿಯುವುದು 2.6.

ಅಳಿಯ ಡೈರಿಯ ಪುಟ ನೋಡಿಕೊಂಡು ಸುಮಾರು ಹೊತ್ತು ಕೂತ. ಆಮೇಲೆ ಅವನೇ ಒಂದೊಂದಾಗಿ ಕೇಳಿದ. ಮೂರನೆಯದಕ್ಕೆ ಮಾತ್ರ ಸ್ಲೀವ್ ಹಾಕಿದರೆ? ಸ್ಲೀವ್ ಹಾಕಬೇಕಾದರೆ ಅದರ ದಪ್ಪಕ್ಕೆ ತಕ್ಕಂತೆ ಮೂಲ ಗೋಡೆಯನ್ನು ಇನ್ನೂ ಕೆರೆಯಬೇಕು. ಎರಡು ಮಿಲಿಮೀಟರಿನ ಸ್ಲೀವಿಗೆ ಜಾಗ ಮಾಡಿದರೆ 3.4ರ ಗೋಡೆಯಲ್ಲಿ ಉಳಿಯುವುದು 1.4. ತೆಳು ಗೋಡೆಯನ್ನು ಗಟ್ಟಿ ಮಾಡಲು ಹೋಗಿ ತೂತು ಮಾಡಿಕೊಂಡವರಿದ್ದಾರೆ. ತೂತಿನ ನಡುವನ್ನೇ ದಪ್ಪ ಬದಿಗೆ ಒಂದು ಚೂರು ಸರಿಸಿ ಬೋರ್ ಮಾಡಿದರೆ? ಹೊರದೇಶದ ರೇಸ್ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಯಂತ್ರದಿಂದ ಹಾಗೆ ಮಾಡುತ್ತಾರೆ. ‘ನಮ್ಮ ಬೋರಿಂಗ್ ಬಾರ್ ಹಳೇ ತೂತನ್ನೇ ಹಿಡ್ಕೊಂಡು ನಿಲ್ಲುದು ಮಾರಾಯಾ, ಅದು ನಡು ಬಿಟ್ಟು ಹೋಗುದಿಲ್ಲ,’ ಎಂದರು ಆಚಾರ್ರು. ಆಗುವುದಿಲ್ಲ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಿತು.

ಕೊನೆಗೆ ತೀರ್ಮಾನವಾದದ್ದು ಇಪ್ಪತ್ತಕ್ಕೆ. ಸಿಲಿಂಡರಿನ ಸವೆತ ತೆಗೆದು ಗುಂಡಗೆ ಮಾಡಲು ಅಷ್ಟು ಬೇಕೇಬೇಕಿತ್ತು. ಒಂದು ಬದಿಯಿಂದ ಹೋಗುವುದು ಕಾಲು ಮಿಲಿಮೀಟರ್. 3.4ರಲ್ಲಿ ಉಳಿಯುವುದು 3.15.

ಆಚಾರ್ರು ಡೈರಿಯ ಮೇಲೆ ಬೆರಳಿಟ್ಟು ಹೇಳಿದರು, ‘ಒಂದು ನೂಲು ಉಳೀತದೆ. ಸಾಕು ಇದಕ್ಕೆ.’

ಸಾಕು ಎಂದದ್ದಕ್ಕೆ ಕಾರಣವಿದೆ. ಐದು ಮಿಲಿಮೀಟರಿನ ಮಾತು ಪೂರ್ತಿ ಬಿಗಿಯಲ್ಲಿ ಓಡುವ ರೇಸ್ ಇಂಜಿನ್ನಿಗೆ. ಈ ಇಂಜಿನ್ನಿನ ಕಂಪ್ರೆಷನ್ ಏಳಕ್ಕೆ ಒಂದರ ಆಸುಪಾಸು, ಒಳಗಿನ ಒತ್ತಡ ಸೌಮ್ಯ. ಆದರೆ ನಾಳೆ ಇದಕ್ಕೆ ಟರ್ಬೊ ಹಾಕುತ್ತೇನೆ, ಹೆಡ್ ಕೆರೆದು ಕಂಪ್ರೆಷನ್ ಏರಿಸುತ್ತೇನೆ ಎಂದು ಹೊರಡಬಾರದು. ಅಳಿಯನಿಗೆ ಬೇಕಾಗಿದ್ದದ್ದು ಕೆಸರಿನಲ್ಲಿ ಏರುವ ಬಲ. ಕೆಸರಿನಲ್ಲಿ ಜೀಪನ್ನು ಏರಿಸುವುದು ಲೋ ಗೇರ್, ಟಯರಿನ ಹಲ್ಲು, ಕಾಲಿನ ಹದ. 85 ಸಿಸಿಯನ್ನು ಕೆಸರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದ ದುಡ್ಡಿನಲ್ಲಿ ಅವನು ಕಾರ್ಬ್ಯುರೇಟರ್ ಸರಿಮಾಡಿಸಿದ, ಡಿಸ್ಟ್ರಿಬ್ಯೂಟರ್ ಹೊಸದು ಹಾಕಿಸಿದ, ಒಂದು ಜೊತೆ ಟಯರು ತಂದ.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಬ್ಲಾಕ್ ತೊಳೆಯುವಾಗ ಕೋರ್ ಪ್ಲಗ್ಗಿನ ತೂತಿನಿಂದ ಕಬ್ಬಿಣದ ತಂತಿ ಹಾಕಿ ಕೆದಕಿದರೆ ಒಂದು ದೊಡ್ಡ ತಂಬಿಗೆ ತುಂಬುವಷ್ಟು ತುಕ್ಕಿನ ಚಕ್ಕೆ, ಕೆಂಪು ಮಣ್ಣು ಬಂತು. ಆ ತುಕ್ಕೆಲ್ಲ ಒಂದು ಕಾಲದ ಗೋಡೆ. ನಾವು ಬೋರ್ ಮಾಡಿ ಒಳಗಿನಿಂದ ಕೆರೆಯುತ್ತೇವೆ, ನೀರು ಹೊರಗಿನಿಂದ ತಿನ್ನುತ್ತದೆ. ಏರಿನ ಬುಡದಲ್ಲಿ ಜೀಪು ನಿಲ್ಲಿಸಿ ತೋಡಿನಿಂದ ಒಂದು ಕ್ಯಾನು ನೀರು ತುಂಬಿ ರೇಡಿಯೇಟರಿಗೆ ಹೊಯ್ಯುವುದು ನಮ್ಮಲ್ಲಿ ಎಲ್ಲರೂ ಮಾಡಿದ ಕೆಲಸ, ನನ್ನ ಅಪ್ಪನೂ ಮಾಡಿದ್ದರು. ಬರೀ ನೀರಿನಲ್ಲಿ ತುಕ್ಕು ತಡೆಯುವ ಮದ್ದಿಲ್ಲ. ಡೀಸೆಲ್ ಇಂಜಿನ್ನುಗಳಲ್ಲಿ ನೀರು ನೇರ ತಾಗುವ ಲೈನರಿಗೆ ಇನ್ನೊಂದು ಕಂಟಕವೂ ಉಂಟು. ಪಿಸ್ಟನ್ನಿನ ಪೆಟ್ಟಿಗೆ ಗೋಡೆ ಕಂಪಿಸಿದಾಗ ನೀರಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಒಡೆದ ಜಾಗದಲ್ಲಿ ಕಬ್ಬಿಣವನ್ನು ಸೂಜಿಮೊನೆಯಷ್ಟಷ್ಟೇ ಕಿತ್ತುಕೊಂಡು ಹೋಗುತ್ತವೆ. ಇದಕ್ಕೆಲ್ಲ ಕೂಲೆಂಟ್ ಹಾಕುವುದೇ ಮದ್ದು. ಕ್ಯಾನಿಗೆ ಕೆಲವು ನೂರು ರೂಪಾಯಿ. ಸಿಗದ ಬ್ಲಾಕಿನ ಎದುರು ಅದು ದುಡ್ಡೇ ಅಲ್ಲ.

ಮೇ ತಿಂಗಳಲ್ಲಿ ಇಂಜಿನ್ ಕೂಡಿಸಿದೆವು. ಹೆಡ್ ಹೊಂದಿಸುವ ಮೊದಲು ಅಳಿಯ ಆಚಾರ್ರಲ್ಲಿ ಒಂದು ಕೆಲಸ ಕೇಳಿಕೊಂಡ, ನಾನು ಹೇಳಿಕೊಟ್ಟದ್ದಲ್ಲ. ಬ್ಲಾಕಿನ ಹೊರಮೈಯಲ್ಲಿ, ಮೂರನೇ ಸಿಲಿಂಡರಿನ ಹತ್ತಿರದ ಒಂದು ದಪ್ಪ ಏಣಿನ ಮೇಲೆ, ಅಂಕಿಯ ಪಂಚ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ಅವರು ಗುರುತು ಹಾಕಿದರು. ಮೇಲೆ ‘20’, ಅದರ ಕೆಳಗೆ ‘3.1’. ಹತ್ತೋ ಇಪ್ಪತ್ತೋ ವರ್ಷ ಕಳೆದು ಈ ಇಂಜಿನ್ ಬಿಚ್ಚುವವರು ಯಾರೇ ಇರಲಿ, ಬೋರ್ ಗೇಜ್ ಕೈಗೆತ್ತಿಕೊಳ್ಳುವ ಮೊದಲು ಅವರಿಗೆ ಆ ಅಂಕಿ ಕಾಣಬೇಕು. ಗ್ರೀಸ್ ಮೆತ್ತಿ ಮುಚ್ಚಿಹೋಗದಂತೆ ಅಳಿಯ ಅದರ ಸುತ್ತ ಹಳದಿ ಬಣ್ಣದಲ್ಲಿ ಒಂದು ವೃತ್ತ ಬರೆದಿದ್ದಾನೆ.